ಟರ್ಪಾಲಿನ ಒಳಗೆ

ಬೋಳಾರ
ಜೂನ್ ೨೯

ಪ್ರಾಪ್ತಿಯ ಅಪ್ಪನಿಗೆ,

ಅಳಿಯ ಹಿತೇಶನ ಕೈಯಲ್ಲಿ ಕಳುಹಿಸಿದ ನಿಮ್ಮ ಚೀಟಿ ಸಿಕ್ಕಿತು. ಒಂದೇ ಸಾಲು, ದೋಣಿ ಹೇಗುಂಟು ಎಂದು. ನಾನು ಹೇಗಿದ್ದೇನೆ ಎಂದು ಕೇಳಲು ಕಾಗದದಲ್ಲಿ ಜಾಗವಿತ್ತು. ಇರಲಿ.

ಗಂಟಲಿನ ಗಾಯ ಒಣಗುತ್ತಿದೆ, ಗಂಜಿ ಇಳಿಯುತ್ತಿದೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಸ್ವರ ಇನ್ನು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಎರಡನೇ ಸಲ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾವೂರಿನ ಅವಳ ಮನೆಯಲ್ಲಿ ನೀವು ಫೋನು ಕಿವಿಗೆ ಹಿಡಿದು ಸುಮ್ಮನೆ ಕೇಳಿಸಿಕೊಳ್ಳುವುದು ನನ್ನಿಂದ ಸಹಿಸಲಾಗುವುದಿಲ್ಲ. ಅದಕ್ಕೇ ಈ ಪತ್ರ. ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ದೋಣಿ ಮಗುಚಿದವನು ಮೊದಲು ಮಾಡುವುದು ಕೂಗುವುದು. ನೀವು ಯಾವಾಗಲೂ ಒಬ್ಬರೇ ಮೀನಿಗೆ ಹೋಗುವವರು. ಮಳೆ ಕಳೆದ ಮೇಲೆ ಮತ್ತೆ ಹೋಗುತ್ತೀರಿ ಎಂದೂ ನನಗೆ ಗೊತ್ತು.

ಈಗ ದೋಣಿಯ ವಿಷಯ. ನೀವು ಬರೆದುಕೊಟ್ಟ ಹಾಗೆಯೇ ಮಾಡಿದೆವು. ನದಿಯಿಂದ ಎಳೆದು ತೆಂಗಿನ ದಿಮ್ಮಿಗಳ ಮೇಲೆ ಕೂರಿಸಿ, ಅಡಿಯ ಬಿರಡೆ ತೆಗೆದು, ಅಂಟಿದ ಚಿಪ್ಪನ್ನೆಲ್ಲ ಕೆರೆದು, ಎರಡು ಬಿಸಿಲು ಒಣಗಿಸಿ ಗೇರುಸಿಪ್ಪೆಯ ಎಣ್ಣೆ ಹಚ್ಚಿದೆವು. ನನ್ನ ಬೆರಳಿನ ಚರ್ಮ ಸುಲಿದದ್ದು ಈಗ ವಾಸಿಯಾಗಿದೆ. ಮುಚ್ಚುವಾಗ ಮಾತ್ರ ತಪ್ಪಾಯಿತು. ಹೆಣೆದ ತೆಂಗಿನ ಮಡಲು ಹೊದಿಸಬೇಕಿತ್ತು. ಹಿತೇಶ ನೀಲಿ ಟರ್ಪಾಲು ತಂದ. ಒಂದು ಹನಿ ಕೂಡ ಒಳಗೆ ಹೋಗಬಾರದು ಅತ್ತೆ ಎನ್ನುತ್ತ ಅಡಿಯವರೆಗೆ ಸುತ್ತಿ ಹಗ್ಗ ಬಿಗಿದ. ಅಂಗಡಿಯ ಗಲ್ಲೆಯ ಹಿಂದೆ ಬೆಳೆದವನು; ನಿಮ್ಮ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ನೋಡಲು ಅಚ್ಚುಕಟ್ಟಾಗಿತ್ತು. ಒಳ್ಳೆಯದೇ ಆಯಿತು ಎಂದು ನಾನೂ ಅಂದುಕೊಂಡೆ.

ಹದಿನೆಂಟು ದಿನ ಹಾಗೇ ಇತ್ತು. ಮರುದಿನ ಬೆಳಿಗ್ಗೆ ಅಬ್ದುಲ್ಲ ಆ ದಾರಿಯಾಗಿ ಬಂದರು. ಮೂವತ್ತು ವರ್ಷ ನಿಮ್ಮ ಪಕ್ಕದಲ್ಲೇ ದೋಣಿ ಕಟ್ಟಿದವರಿಗೆ ದೂರದಿಂದಲೇ ಗೊತ್ತಾಯಿತು.

“ಎಂತ ನಳಿನಕ್ಕ, ಬೋಜಣ್ಣನ ದೋಣಿಯನ್ನು ಪಾರ್ಸೆಲ್ ಮಾಡಿದ್ದೀರಿ? ದುಬೈಗೆ ಹೋಗ್ಲಿಕ್ಕುಂಟಾ?”

ಬಿಚ್ಚಿದ ಮೇಲೆ ಅವರ ನಗು ನಿಂತಿತು. ಒಳಗಿನ ಹಬೆಗೆ ಮರದ ಮೈಯೆಲ್ಲ ಬಿಳಿ ಬೂಷ್ಟು. ಎಡಬದಿಯಲ್ಲಿ ಮೊದಲೇ ಸೋತಿದ್ದ ಒಂದು ಹಲಗೆ ಹೆಬ್ಬೆರಳು ಒತ್ತಿದರೆ ತಗ್ಗುತ್ತಿತ್ತು. ಮಳೆಯಿಂದ ಮರಕ್ಕೆ ಎಂತ ಆಗುವುದಿಲ್ಲ, ಗಾಳಿ ಇಲ್ಲದಿದ್ದರೆ ಹೋಗುತ್ತದೆ ಎಂದು ಅವರು ಆ ಹೊತ್ತಿಗೆ ಬಂದಿದ್ದ ಹಿತೇಶನಿಗೆ ಹೇಳಿದರು, ಬೈಯುವ ಧಾಟಿಯಲ್ಲಲ್ಲ. ಅವನ ಮುಖ ನೋಡಲಾಗಲಿಲ್ಲ ನನಗೆ.

ಜೆಪ್ಪುವಿನಿಂದ ಬಡಗಿ ವಿಲ್ಲಿ ಬಂದು ಹಲಗೆ ಬದಲಾಯಿಸಿದ. ಮಳೆ ಬಿಟ್ಟ ಹೊತ್ತು ನೋಡಿ ಮತ್ತೆ ಎಣ್ಣೆ ಹಚ್ಚಿದೆವು. ಮಡಲು ನಾನೇ ಹೆಣೆದೆ. ಎರಡೂ ಬದಿಯಲ್ಲಿ ಗಾಳಿ ಆಡಲು ಜಾಗ ಬಿಟ್ಟಿದ್ದೇವೆ. ಮಳೆ ಕಡಿಮೆಯಾಗುವ ಸೋಣ ತಿಂಗಳಿಗೆ ನೀರಿಗೆ ಇಳಿಸಬಹುದು ಎನ್ನುತ್ತಾರೆ ಅಬ್ದುಲ್ಲ. ನೀವು ಕೇಳಿದ್ದಕ್ಕೆ ಇದು ಉತ್ತರ.

ಗಂಜಿ ಪೂರ್ತಿ ಆರಿದ ಮೇಲೆಯೇ ಕುಡಿಯಿರಿ. ಅವಸರ ನಿಮ್ಮದು ಯಾವಾಗಲೂ.

ನಿಮ್ಮವಳು,
ನಳಿನಾಕ್ಷಿ

ತಾ.ಕ.: ಪತ್ರವನ್ನು ಹಿತೇಶನೇ ತರುತ್ತಾನೆ, ಅದಕ್ಕೆ ಲಕೋಟೆಗೆ ಗೋಂದು ಹಚ್ಚಿದ್ದೇನೆ. ಅವನೆದುರು ಮುಖ ಗಂಟು ಹಾಕಬೇಡಿ. ಮೇಲೆ ಬರೆದದ್ದರಲ್ಲಿ ಒಂದೆರಡು ಮಾತು ನಿಜವಲ್ಲ. ಅಪ್ಪನ ದೋಣಿಗಳಿಗೆ ಮಡಲು ಹೆಣೆದು ಬೆಳೆದವಳು ನಾನು. ಟರ್ಪಾಲು ಕಟ್ಟಿದ ಸಂಜೆಯೇ ಅದನ್ನು ಬಿಚ್ಚಬೇಕೆಂದು ನನಗೆ ಗೊತ್ತಿತ್ತು. ದೋಣಿ ಹಾಳಾದರೆ ನೀವು ಮನೆಯಲ್ಲಿ ಉಳಿಯುತ್ತೀರಿ ಎಂದುಕೊಂಡು ದಿನವೂ ಅದರ ಮುಂದೆಯೇ ನಡೆದುಹೋದೆ. ಅಬ್ದುಲ್ಲ ತಾವಾಗಿ ಬಂದದ್ದಲ್ಲ. ಆ ಬೆಳಿಗ್ಗೆ ಟರ್ಪಾಲಿನ ಒಳಗೆ ಕೈ ಹಾಕಿದೆ. ಹಲಗೆ ಬೆಚ್ಚಗೆ, ಒದ್ದೆಯಾಗಿತ್ತು, ಆಪರೇಷನ್ನಿನ ಮರುದಿನ ನಿಮ್ಮ ಹಣೆ ಇದ್ದ ಹಾಗೆ. ಚಪ್ಪಲಿಯನ್ನೂ ಮೆಟ್ಟದೆ ಅವರ ಬಾಗಿಲಿಗೆ ಓಡಿದೆ. ಸೋಣದಲ್ಲಿ ದೋಣಿ ಇಳಿಸಿ. ನಾನೂ ಹತ್ತುತ್ತೇನೆ. ಬಲೆ ನೀವು ಬೀಸಿ. ಕೂಗುವುದಿದ್ದರೆ ನಾನು ಕೂಗುತ್ತೇನೆ.