ಪರದೆಗೆ ಅಂಟಿಸಿದ ಕರಿ ಟೇಪು

ನಾರಾಯಣಗೂಡ, ಹೈದರಾಬಾದ್
ಮಂಗಳವಾರ, ೧೧ ನವೆಂಬರ್ ೨೦೨೫

ಚಿ. ನಿರೀಕ್ಷಾಳಿಗೆ ನಿನ್ನವ್ವನ ಆಶೀರ್ವಾದ, ಅದರ ಜೊತೆಗೆ ಚೂರು ಸಿಟ್ಟು.

ಫೋನಿರುವಾಗ ಇವಳಿಗೇಕೆ ಪತ್ರದ ಉಸಾಬರಿ ಎಂದು ಪುಣೆಯಲ್ಲಿ ಕೂತು ನಗಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ಆಫೀಸಿಗೆ ಹೊತ್ತಾಯಿತೆಂದು ಇಟ್ಟುಬಿಡುತ್ತೀ. ಪತ್ರವನ್ನು ಹಾಗೆ ನಡುವೆ ಕತ್ತರಿಸಲಿಕ್ಕೆ ಬರುವುದಿಲ್ಲ.

ನೀನು ಇಲ್ಲೇ ಬಿಟ್ಟುಹೋದ ಕ್ಯಾಮೆರಾ ಕೊಳ್ಳಲು ಮಾದಾಪುರದ ನಿನ್ನ ಗೆಳೆಯ ದೀಪಕ ಮುಂದಿನ ವಾರ ಶುಕ್ರವಾರ ಬರುತ್ತಾನಂತೆ. ಕೊಟ್ಟುಬಿಡು ಎಂದು ನೀನೇ ಹೇಳಿದ್ದೀ. ಎರಡು ವರ್ಷ ಮದುವೆಮನೆಗಳನ್ನು ಸುತ್ತಿ ಸಾವಿರಗಟ್ಟಲೆ ಫೋಟೊ ತೆಗೆದೆ, ಒಂದೂ ನನ್ನದು ಅನ್ನಿಸಲಿಲ್ಲ, ನನಗೆ ಕಣ್ಣೇ ಇಲ್ಲ ಎಂದು ಕಣ್ಣೀರು ಹಾಕಿದೆಯಲ್ಲ, ಆ ಮಾತು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿದೆ. ಮಾರುವುದಾದರೆ ಮಾರೋಣ. ಅಷ್ಟರೊಳಗೆ, ನನ್ನ ಮಗಳನ್ನು ಇಷ್ಟು ಗೋಳಾಡಿಸಿದ ಆ ಡಬ್ಬಿಯಲ್ಲಿ ಏನಿದೆ ನೋಡೇಬಿಡೋಣ ಎಂದು ಕೈಗೆತ್ತಿಕೊಂಡೆ.

ಮೊದಲ ದಿನ ಎದುರುಮನೆ ಉಮಾಶ್ರೀಯನ್ನು ತೆಗೆದೆ. ಒತ್ತಿದ ಕೂಡಲೇ ಓಡಿಬಂದು ಹಿಂದಿನ ಪರದೆ ನೋಡಿದಳು. ಗಲ್ಲ ದಪ್ಪ ಕಾಣುತ್ತದೆ, ಇನ್ನೊಂದು ತೆಗೆಯಿರಿ ಎಂದಳು. ತೆಗೆದೆ. ಈಗ ಸೆರಗು ಸರಿಯಿಲ್ಲ. ಮತ್ತೊಂದು. ಒಲೆಯ ಮೇಲಿನ ಬೇಳೆ ಸೀದುಹೋಯಿತು, ಉಮಾಶ್ರೀ ಮಾತ್ರ ತೆಳ್ಳಗಾಗಲಿಲ್ಲ. ತಲೆ ಕೆಟ್ಟು, ನಿಮ್ಮಪ್ಪ ವೈರಿಗೆ ಸುತ್ತುವ ಕರಿ ಟೇಪು ತಂದು ಆ ಪರದೆಗೆ ಅಡ್ಡಡ್ಡ ಅಂಟಿಸಿಬಿಟ್ಟೆ. ಇನ್ನು ಮೇಲೆ ತೆಗೆದದ್ದನ್ನು ನಾನೂ ನೋಡುವುದಿಲ್ಲ, ಯಾರಿಗೂ ತೋರಿಸುವುದಿಲ್ಲ, ಒಂದಕ್ಕೆ ಒಂದೇ ಸಲ ಒತ್ತುವುದು. ಶ್ರಾವಣ ಸೋಮವಾರದ ಹಾಗೆ ಇದೂ ಒಂದು ನೇಮ ಎಂದುಕೊಂಡೆ.

ಈಗ ಕೇಳು ಮಜಾ. ನೋಡಲಿಕ್ಕಿಲ್ಲ ಎಂದಾದ ಮೇಲೆ ಉಮಾಶ್ರೀ ಗಲ್ಲದ ಚಿಂತೆ ಬಿಟ್ಟು ಸೊಸೆಯ ಮೇಲೆ ಚಾಡಿ ಹೇಳತೊಡಗಿದಳು. ಹೇಳುತ್ತ ಹೇಳುತ್ತ ತನಗೇ ನಗು ಬಂತು. ಆಗ ಒತ್ತಿದೆ. ಇಷ್ಟು ವರ್ಷ ಎದುರಿಗಿದ್ದೂ ಆ ಮುಖವನ್ನು ನಾನು ನೋಡಿರಲಿಲ್ಲ.

ಒಂದೇ ಸಲ ಎಂದ ಮೇಲೆ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ಕಾಯಬೇಕಾಗುತ್ತದೆ ನೋಡು. ಈಗಲೇ ಒತ್ತಲೋ, ಹಾಲು ಉಕ್ಕಿ ಪಾತ್ರೆಯ ಅಂಚಿಗೆ ಬರುವತನಕ ತಡೆಯಲೋ? ಬಾಗಿಲಿಗೆ ತೂಗುಹಾಕಿದ ಚೀಲಕ್ಕೆ ಬೆಳಗಿನ ಬಿಸಿಲು ಯಾವ ಸಂದಿಯಿಂದ ಬರುತ್ತದೆ? ಮೊದಲೂ ಬರುತ್ತಿತ್ತೇ? ಈ ವಯಸ್ಸಿನಲ್ಲಿ ನನಗೆ ಇದೆಂಥ ಹುಚ್ಚು! ಖಾಲಿ ಅಂಗಳದ ಮುಂದೆ ರಂಗೋಲಿ ಹಿಟ್ಟು ಹಿಡಿದು ನಿಂತರೆ ನನಗೂ ಏನೂ ತೋಚುವುದಿಲ್ಲ, ಚುಕ್ಕಿ ಇಟ್ಟ ಮೇಲೆ ಕೈ ತಾನೇ ಓಡುತ್ತದೆ. ನಿನಗೆ ಕಣ್ಣಿಲ್ಲವೆಂದಲ್ಲ ಮಗಳೇ, ಚುಕ್ಕಿ ಇರಲಿಲ್ಲವೇನೋ. ಇದು ನನ್ನ ಗುಮಾನಿ ಅಷ್ಟೇ. ಕಲಿತವಳು ನೀನು, ತಪ್ಪಿದ್ದರೆ ಹೇಳು.

ನೇಮಕ್ಕೆ ಕಂಟಕ ಬಂದದ್ದು ಮೊನ್ನೆ. ಹುಣಸೆಹಣ್ಣಿಗೆಂದು ಬೇಗಂ ಬಜಾರಿಗೆ ಹೋಗಿದ್ದೆ, ಕ್ಯಾಮೆರಾ ಚೀಲದಲ್ಲೇ ಇತ್ತು. ಅಂಗಡಿಯವನ ಜೊತೆ ಹಿಂದಿಯಲ್ಲಿ ಚೌಕಾಸಿ ನಡೆಸಿದ್ದಾಗ, ಪಕ್ಕದಲ್ಲಿ ಕೆಂಪು ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದ ಹೆಂಗಸೊಬ್ಬಳು ಸೀನಿದಳು, ಸೀನಿ ಆ ಸೀನಿಗೇ ಕನ್ನಡದಲ್ಲಿ ಬೈದಳು. ನಾನು ಹುಣಸೆಹಣ್ಣು ಮರೆತು ಅವಳ ಹತ್ತಿರ ಕುಕ್ಕರಿಸಿದೆ. ಯಾದಗಿರಿ ಕಡೆಯವಳು, ಹೆಸರು ಶಂಕ್ರಮ್ಮ. ಒಂದು ಫೋಟೊ ತೆಗೆಯಲೇ ಎಂದೆ, ಹೂಂ ಎಂದಳು. ತೆಗೆದ ಮೇಲೆ ತೋರಿಸಿರಿ ಎಂದು ಕೈ ಚಾಚಿದಳು. ನಾನು ಟೇಪು ತೋರಿಸಿ ನನ್ನ ನೇಮದ ಪುರಾಣ ಹೇಳಿದೆ. ಅವಳು ಪೂರಾ ಕೇಳಿಸಿಕೊಂಡಳು.

“ನಿಮ್ಮ ನೇಮ ನಿಮಗರಿ,” ಎಂದಳು. “ನನ್ನ ಮಾರಿ ನನಗ ತೋರಸಾಕ ಏನ್ ಅಡ್ಡಿ?”

ಫೋನಿನಲ್ಲಿ ತೆಗೆದವು ಅವಳ ಹತ್ತಿರ ಬೇಕಾದಷ್ಟಿವೆಯಂತೆ, ಊರಲ್ಲಿ ಅವಳ ಅವ್ವನ ಮನೆಯ ಗೋಡೆಗೆ ಹಚ್ಚಲು ಕಾಗದದ್ದು ಒಂದು ಬೇಕಂತೆ. ಮುಂದಿನ ವಾರ ಶನಿವಾರ ತಂದುಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಹಾಗಾಗಿ ಕ್ಯಾಮೆರಾದ ಕಾರ್ಡನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಇದರಲ್ಲಿ ಏನು ಬಂದಿದೆಯೋ ನನಗೆ ಗೊತ್ತಿಲ್ಲ. ನಾರಾಯಣಗೂಡದಲ್ಲಿ ಸ್ಟುಡಿಯೊ ಇಲ್ಲವೇ ಎನ್ನಬೇಡ, ಮೊದಲು ನೀನೇ ನೋಡಬೇಕು. ಶಂಕ್ರಮ್ಮನದನ್ನು ಪ್ರಿಂಟ್ ಹಾಕಿಸಿ ಕೊರಿಯರಿನಲ್ಲಿ ಕಳಿಸು. ಆಮೇಲೆ ಕ್ಯಾಮೆರಾ ಮಾರುವುದು ಬಿಡುವುದು ನಿನ್ನ ಖುಷಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಸಾವಿತ್ರಿ

ತಾ.ಕ.: ಲಕೋಟೆಯಲ್ಲಿ ಕಾರ್ಡು ಹುಡುಕಬೇಡ, ಇಲ್ಲ. ಅಂಟು ಹಚ್ಚುವ ಮುಂಚೆ ತಡೆಯಲಾಗದೆ ಕಾರ್ಡನ್ನು ಮತ್ತೆ ಒಳಗೆ ಹಾಕಿ, ಟೇಪು ಕಿತ್ತು, ಶಂಕ್ರಮ್ಮನದೊಂದನ್ನೇ ನೋಡಿದೆ. ಮೆಣಸಿನಕಾಯಿ ರಾಶಿ ಭಾಳ ಚೆಂದ ಬಂದಿದೆ, ಮೂಗಿನಿಂದ ಮೇಲೆ ಅವಳು ಇಲ್ಲವೇ ಇಲ್ಲ. ಟೇಪು ಮತ್ತೆ ಅಂಟಿಸಿದ್ದೇನೆ. ಪರದೆಯಲ್ಲಿ ಏನೂ ಕಾಣುವುದಿಲ್ಲಪ್ಪ ಎಂದು ದೀಪಕನಿಗೆ ಫೋನು ಮಾಡಿದೆ, ಹಾಗಾದರೆ ಬೇಡ ಆಂಟಿ ಎಂದ. ನಾನೇನು ಸುಳ್ಳು ಹೇಳಲಿಲ್ಲವಲ್ಲ. ಶನಿವಾರ ಶಂಕ್ರಮ್ಮ ಕಾಯುತ್ತಾಳೆ, ಅವಳಿಗೆ ಮುಖ ಬೇಕು, ಅದು ನನಗೆ ಬರುವುದಿಲ್ಲ. ನೀನೇ ಬಾ. ಒಂದೇ ಸಲ ಒತ್ತಬೇಕು.