ಅಪ್ಪನ ಕಿವಿಗೆ ಯಾವ ಟೈಪ್?

ಎಲೆಕ್ಟ್ರಾನಿಕ್ ಸಾಧನಗಳ ಚಾರ್ಜಿಂಗ್ ಪೋರ್ಟ್ ಬಗ್ಗೆ ನಿಯಮ ಮಾಡುವ ಕೇಂದ್ರ ಸರಕಾರದ ಅಧಿಕಾರಿಗಳಿಗೆ,

ಮಾನ್ಯರೇ,

ನನಗೆ ಹೊಟ್ಟೆಕಿಚ್ಚಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮಗೆ ಪತ್ರ ಬರೆಯುವವರೆಲ್ಲ ಸಾರ್ವಜನಿಕ ಹಿತಕ್ಕಾಗಿ ಬರೆಯುವವರೇ ಇರಬೇಕು. ನನ್ನದು ಹಾಗಲ್ಲ. ನಮ್ಮ ಕಿದ್ವಾಯಿ ನಗರದ ಇನ್ನೊಂದು ಬ್ಲಾಕಿನಲ್ಲಿರುವ ದೊಡ್ಡ ಅಧಿಕಾರಿಯೊಬ್ಬರ ಕಿವಿ ಕಂಡು ನನಗೆ ಹೊಟ್ಟೆಕಿಚ್ಚಾಗಿದೆ. ಅವರ ಕಿವಿ ಮಷೀನು, ನಿಮ್ಮ ಕಡತದ ಭಾಷೆಯಲ್ಲಿ ಶ್ರವಣ ಸಾಧನ, ಟೈಪ್ ಸಿ ವೈರಿನಲ್ಲಿ ಚಾರ್ಜ್ ಆಗುತ್ತದೆ. ನನ್ನ ಅಪ್ಪನದು ಆಗುವುದಿಲ್ಲ. ದೂರು ಇಷ್ಟೇ. ಎಲ್ಲ ಸಾಧನಗಳಿಗೂ ಒಂದೇ ಪೋರ್ಟ್ ಕಡ್ಡಾಯ ಮಾಡಬೇಕೇ ಬೇಡವೇ ಎಂದು ನಿಮ್ಮಲ್ಲಿ ವರ್ಷಗಳಿಂದ ಮಾತುಕತೆ ನಡೆದಿದೆ. ಪತ್ರಿಕೆಗಳಲ್ಲಿ ನಾನು ಓದಿದ ಮಟ್ಟಿಗೆ ಆ ಮಾತುಕತೆಯಲ್ಲಿ ಫೋನಿದೆ, ಟ್ಯಾಬ್ಲೆಟ್ ಇದೆ, ಲ್ಯಾಪ್‌ಟಾಪ್ ಇದೆ. ಕಿವುಡರ ಕಿವಿ ಎಲ್ಲೂ ಕಾಣಲಿಲ್ಲ.

ಕನ್ನಡದಲ್ಲಿದೆ ಎಂದು ಈ ಪತ್ರವನ್ನು ಬದಿಗೆ ಸರಿಸಬೇಡಿ. ನಿಮ್ಮ ಸುತ್ತೋಲೆಗಳನ್ನು ನಮ್ಮ ಮನೆಯಲ್ಲಿ ಮೂರು ಜನ ಸೇರಿ ಓದಿ ಅರ್ಥ ಮಾಡಿಕೊಳ್ಳುತ್ತೇವೆ. ಒಂದು ಸಲ ನೀವೂ ಯಾರನ್ನಾದರೂ ಕೂರಿಸಿಕೊಂಡು ಓದಿಸಿ. ನಾನು ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲೇ. ಹನ್ನೊಂದನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಬಡತನವೂ ಇರಲಿಲ್ಲ, ಒಂದು ಕಡೆ ಕೂರಲು ನನ್ನಿಂದ ಆಗಲಿಲ್ಲ ಅಷ್ಟೇ. ಆಮೇಲೆ ಮಾನೇಸರದಲ್ಲಿ ಕಾರಿನ ಬಿಡಿಭಾಗ ಪ್ಯಾಕ್ ಮಾಡಿದೆ, ಇಂದಿರಾಪುರಂನಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಂಡೆ. ಈಗ ಒಂದು ಕೊರಿಯರ್ ಕಂಪನಿಯಲ್ಲಿ ಫೋನ್ ಎತ್ತುವ ಕೆಲಸ. ಹೊರಟೇ ಇಲ್ಲದ ಪಾರ್ಸೆಲ್ಲನ್ನು ದಾರಿಯಲ್ಲಿದೆ ಎನ್ನಲು ಒಪ್ಪದೆ ಮ್ಯಾನೇಜರ್ ಕೈಯಲ್ಲಿ ಬೈಸಿಕೊಳ್ಳುತ್ತಿರುತ್ತೇನೆ. ಆದ್ದರಿಂದ ನಿಮ್ಮ ಉತ್ತರ ಆ 'ದಾರಿಯಲ್ಲಿದೆ' ಎನ್ನುವ ಭಾಷೆಯಲ್ಲಿ ಬರುವುದು ಬೇಡ.

ನನ್ನ ಅಪ್ಪ ಗೋಪಿನಾಥ ಒಂದು ಸಚಿವಾಲಯದಲ್ಲಿ ಗುಮಾಸ್ತರು. ಕರ್ನಾಟಕದ ಕಚೇರಿಗಳಿಂದ ಅವರ ಸೆಕ್ಷನ್ನಿಗೆ ಬರುವ ಫೋನುಗಳೆಲ್ಲ ಅವರ ಮೇಜಿಗೇ ಬರುತ್ತವೆ. ಅಲ್ಲಿಯವರ ಕನ್ನಡವನ್ನು ಇಲ್ಲಿಯವರ ಹಿಂದಿಗೆ, ಇಲ್ಲಿಯವರ ಸಿಟ್ಟನ್ನು ಅಲ್ಲಿಯವರಿಗೆ ತಾಳಿಕೊಳ್ಳುವಷ್ಟು ಮೆತ್ತಗೆ ಮಾಡಿ ದಾಟಿಸುವುದು ಅವರ ಕೆಲಸ. ಆ ಕೆಲಸವೆಂದರೆ ಅವರಿಗೆ ಪ್ರಾಣ. ಕೆಲವು ವರ್ಷಗಳಿಂದ ಎರಡೂ ಕಿವಿ ಮಂದ. ಮಷೀನು ಹಾಕಿಕೊಂಡರೆ ಏನೂ ತೊಂದರೆಯಿರಲಿಲ್ಲ. ಈ ಬೇಸಿಗೆಯಲ್ಲಿ ಒಮ್ಮೆ ಕರೆಂಟು ಹೋಗಿ ಬಂದಾಗ ಮಷೀನಿನ ಚಾರ್ಜರ್ ಸುಟ್ಟುಹೋಯಿತು. ಅದರ ಪಿನ್ನು ಆ ಕಂಪನಿಯವರಿಗೆ ಮಾತ್ರ ಹೊಳೆದ ಆಕಾರದ್ದು. ಒಂದು ಬದಿ ದುಂಡಗೆ, ಇನ್ನೊಂದು ಬದಿ ಚಪ್ಪಟೆ, ನಡುವೆ ಒಂದು ಹಲ್ಲು. ಕಂಪನಿ ಆ ಮಾದರಿಯನ್ನೇ ನಿಲ್ಲಿಸಿದೆ. ಅವರ ಡೀಲರು ನಗುತ್ತಾ, "ಇಷ್ಟು ಹಳೇದನ್ನ ಯಾಕೆ ಹಿಡಿದುಕೊಂಡಿದ್ದೀರಿ ಮೇಡಂ, ಹೊಸ ಜೋಡಿ ತಗೊಳ್ಳಿ" ಎಂದರು. ಸರಕಾರಿ ಆರೋಗ್ಯ ಯೋಜನೆಯಲ್ಲಿ ಒಮ್ಮೆ ಮಷೀನು ಪಡೆದವರು ಇನ್ನೊಂದಕ್ಕೆ ಕೆಲವು ವರ್ಷ ಕಾಯಬೇಕು. ಕೈಯಿಂದ ಕೊಳ್ಳುವ ಶಕ್ತಿ ನಮಗಿಲ್ಲ. ಕರೋಲ್ ಬಾಗಿನ ರಿಪೇರಿ ಅಂಗಡಿಯ ಭಯ್ಯಾ ಬೇರೊಂದು ವೈರು ಬೆಸೆದು ನೋಡಿದ. ಕೆಂಪು ದೀಪ ಹತ್ತಿ ಆರಿತು. "ದೀದಿ, ಮಷೀನ್ ಜಿಂದಾ ಹೈ, ಬಸ್ ಮುಹ್ ಬಂದ್ ಹೈ" ಎಂದ. ಜೀವ ಇದೆ, ಬಾಯಿ ಮಾತ್ರ ಮುಚ್ಚಿದೆಯಂತೆ.

ಕೇಳಿಸದವರು ಏನು ಮಾಡುತ್ತಾರೆ ಗೊತ್ತೇ? ತಲೆಯಾಡಿಸುತ್ತಾರೆ. "ಏನಂದ್ರಿ" ಎಂದು ಒಂದು ಸಲ ಕೇಳಬಹುದು. ಎರಡನೇ ಸಲಕ್ಕೆ ಎದುರಿಗಿದ್ದವರ ಮುಖ ಬದಲಾಗುತ್ತದೆ. ಆ ಮುಖ ನೋಡುವುದಕ್ಕಿಂತ ಹೌದು ಎಂದುಬಿಡುವುದು ಸುಲಭ. ಅಪ್ಪ ಹೀಗೆ ಎಲ್ಲದಕ್ಕೂ ಹೌದು ಎನ್ನತೊಡಗಿದರು. ಮೊದಮೊದಲು ನಾನೂ ಅಮ್ಮನೂ ಅದರಿಂದ ಸ್ವಲ್ಪ ಲಾಭ ಮಾಡಿಕೊಂಡೆವು ಎಂಬುದನ್ನೂ ಹೇಳಬೇಕು. ಅಪ್ಪ ಎಂದೂ ಒಪ್ಪದಿದ್ದ ಪರದೆಯ ಬಣ್ಣ ಈಗ ನಮ್ಮ ಹಾಲ್‌ನಲ್ಲಿದೆ.

ಒಂದು ದಿನ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ನಾನು ಅಮ್ಮನಿಗೆ, "ಸರಕಾರದವರು ಎಲ್ಲರಿಗೂ ಟೈಪ್ ಸಿ ಕಡ್ಡಾಯ ಮಾಡ್ತಾರಂತಮ್ಮ. ಮಾಡಿದ್ರೆ ಅಪ್ಪನಂಥವರಿಗೂ ಸಿಗಬೇಕು" ಎಂದೆ. ಇದರಲ್ಲಿ ತಪ್ಪೇನಿದೆ? ಏನಿದೆ ಎಂದರೆ, ಸರಕಾರಿ ಕ್ವಾರ್ಟರ್ಸಿನಲ್ಲಿ ಜೀವನ ಕಳೆದವರಿಗೆ ಟೈಪ್ ಎಂಬ ಮಾತಿಗೆ ಒಂದೇ ಅರ್ಥ, ಹುದ್ದೆಗೆ ತಕ್ಕಂತೆ ಸಿಗುವ ಮನೆಯ ದರ್ಜೆ. ನಾವು ಟೈಪ್ ಟೂ ಮನೆಯವರು. ಟೈಪ್ ತ್ರೀಯವರ ಬಾಲ್ಕನಿ ನೋಡಿ ಕರುಬುತ್ತೇವೆ. ಟೈಪ್ ತ್ರೀಯವರು ಟೈಪ್ ಫೋರ್‌ನ ಇನ್ನೊಂದು ಕೋಣೆಗೆ ಕರುಬುತ್ತಾರೆ. ಹೊಟ್ಟೆಕಿಚ್ಚಿಗೆ ಇಷ್ಟು ಅಚ್ಚುಕಟ್ಟಾಗಿ ನಂಬರ್ ಹಾಕಿ ಹಂಚಿದ್ದು ನೀವೇ ಅಲ್ಲವೇ?

ಪಕ್ಕದ ಮನೆಯ ಗಿರಿಜಮ್ಮ ಅಂದು ಸಂಜೆ ಬಂದರು. ಅಮ್ಮ ಬಾಗಿಲಲ್ಲೇ ಶುರುಮಾಡಿದಳು.

"ಇನ್ನು ಮೇಲೆ ಎಲ್ಲರಿಗೂ ಒಂದೇ ಟೈಪಂತೆ ಗಿರಿಜಮ್ಮ. ಟೈಪ್ ಸಿ ಅಂತ ಹೊಸದು."

"ಒಂದೇ ಟೈಪೇ? ಹಾಗಾದ್ರೆ ಟೈಪ್ ಫೈವ್‌ನವರು ಬಿಟ್ಟುಕೊಡ್ತಾರಾ?"

"ಸರಕಾರ ಹೇಳಿದ ಮೇಲೆ ಬಿಡದೆ ಏನ್ಮಾಡ್ತಾರೆ?"

"ಅಚ್ಛಾ. ನಂಗೇನೂ ದೊಡ್ಡ ಮನೆ ಬೇಡ ದೇವಕಿ. ಆ ಮಹಂತೇಶರ ಹೆಂಡ್ತಿ ಅಡುಗೆಮನೇಲಿ ಡೈನಿಂಗ್ ಟೇಬಲ್ ಹಾಕಿಕೊಂಡಿದಾಳಲ್ಲ, ಅಷ್ಟು ಜಾಗ ಇದ್ರೆ ಸಾಕು."

ಆದರೂ ಗಿರಿಜಮ್ಮ ಎಚ್ಚರದ ಹೆಂಗಸು. ಪೇಪರ್ ಓದುತ್ತಾ ಕೂತಿದ್ದ ಅಪ್ಪನ ಕಡೆ ತಿರುಗಿ, "ಏನ್ರೀ ಗೋಪಿನಾಥರೇ, ಆರ್ಡರ್ ಆಗಿದೆಯಂತೆ, ಹೌದಾ?" ಎಂದು ಕೇಳಿದರು. ಅಪ್ಪ ಕನ್ನಡಕದ ಮೇಲಿಂದ ನೋಡಿ, ನಕ್ಕು, ತಲೆಯಾಡಿಸಿದರು. ಅಲ್ಲಿಗೆ ಸುದ್ದಿ ಪಕ್ಕಾ ಆಯಿತು. ಸಚಿವಾಲಯದವರೇ ಹೇಳಿದ ಮೇಲೆ ಇನ್ನೇನು?

ಆ ಭಾನುವಾರ ಮಹಂತೇಶ್ ಅಂಕಲ್ ನಮ್ಮ ಮನೆಗೆ ಬಂದರು. ನಾನು ಮೊದಲು ಹೇಳಿದ ಕಿವಿ ಇವರದೇ. ಟೈಪ್ ಫೈವ್‌ನಲ್ಲಿರುವ ದೊಡ್ಡ ಹುದ್ದೆಯವರು, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯ. ಕೆಟ್ಟವರಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆದರೆ ಒಳ್ಳೆಯವರು.

"ಏನ್ರೀ ಗೋಪಿನಾಥ್, ನಿಮ್ಮ ಬ್ಲಾಕಿನ ಹೆಂಗಸರು ಪಾರ್ಕಲ್ಲಿ ನಮ್ಮನೆಯವಳನ್ನ ನಿಲ್ಲಿಸಿ, ಮನೆ ಯಾವಾಗ ಖಾಲಿ ಮಾಡ್ತೀರಿ ಅಂತ ಕೇಳಿದ್ರಂತೆ. ಅಡುಗೆಮನೆ ಅಳತೆ ಬೇರೆ ಕೇಳಿದಾರೆ."

"ಹೌದು ಸರ್" ಎಂದರು ಅಪ್ಪ.

ಅಮ್ಮ ಕೂಡಲೇ ನನ್ನ ಕಡೆ ಕೈ ತೋರಿಸಿದಳು. "ಇವಳೇ ಹೇಳಿದ್ದು ಸರ್. ಶಾಲೆ ಬಿಟ್ಟ ಮೇಲೆ ಸರಕಾರನ ಇವಳೇ ನಡೆಸ್ತಾಳೆ." ನಾನು ವೈರಿನ ವಿಷಯ ಬಿಡಿಸಿ ಹೇಳಿದೆ. ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುವಿನ ನಡುವೆ ಅವರ ಕಿವಿಯಲ್ಲಿ ಬ್ಯಾಟರಿ ಮುಗಿಯುವ ಸದ್ದಾಗಿರಬೇಕು, ಒಂದು ಕಿವಿಯ ಮಷೀನು ತೆಗೆದು ಜೇಬಿನ ಡಬ್ಬಿಯಲ್ಲಿಟ್ಟರು. "ಮರಿ, ನಿನ್ನ ಹತ್ರ ಟೈಪ್ ಸಿ ಇದೆಯಾ? ಮನೆಯಲ್ಲ, ವೈರು."

ನನ್ನ ಫೋನಿನ ವೈರು ಕೊಟ್ಟೆ. ಸಿಕ್ಕಿಸಿದ ತಕ್ಷಣ ಡಬ್ಬಿಯ ಮೇಲೆ ಹಸಿರು ದೀಪ ಹತ್ತಿತು. ಅಪ್ಪ ಅದನ್ನೇ ನೋಡುತ್ತಿದ್ದರು. ನಾನು ಅಪ್ಪನನ್ನು ನೋಡುತ್ತಿದ್ದೆ. ಮಾನ್ಯರೇ, ನಮ್ಮ ಮನೆಯ ಗೋಡೆ, ನಮ್ಮ ಕರೆಂಟು, ನನ್ನ ವೈರು. ಕೇಳಿಸುವುದು ಮಾತ್ರ ಅಂಕಲ್‌ಗೆ. ಆ ಡಬ್ಬಿಯನ್ನು ಕಿಟಕಿಯಿಂದ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಚಹಾ ತಂದುಕೊಟ್ಟೆ. ಸಕ್ಕರೆ ಬೇಕೆಂದೇ ಕಡಿಮೆ ಹಾಕಿದ್ದೆ.

ಅಂಕಲ್‌ಗೆ ಏನೋ ಹೊಳೆಯಿತು. "ನಿಮ್ಮ ಮಷೀನೆಲ್ಲಿ?" ಎಂದು ಅಪ್ಪನ ಹತ್ತಿರ ಬಾಗಿ ಜೋರಾಗಿ ಕೇಳಿದರು. ಅಮ್ಮ ಸುಟ್ಟ ಚಾರ್ಜರಿನ ಕಥೆ ಹೇಳಿದಳು. ಆಗ ಅಪ್ಪ ನಮಗ್ಯಾರಿಗೂ ಹೇಳದಿದ್ದ ಒಂದು ಮಾತು ಹೇಳಿದರು. "ಕೇಳಿಸದೆ ಆಫೀಸಲ್ಲೂ ಒಂದು ಎಡವಟ್ಟಾಗಿದೆ ಸರ್." ಅವರ ಸೆಕ್ಷನ್ ಆಫೀಸರ್ ಕಾರಿಡಾರಿನಲ್ಲಿ ಏನೋ ಕೇಳಿದ್ದರಂತೆ. ಅಪ್ಪ ತಲೆಯಾಡಿಸಿದ್ದರಂತೆ. ಕೇಳಿದ್ದೇನು ಎಂಬುದು ಆರ್ಡರ್ ಕೈಗೆ ಬಂದ ಮೇಲೆ ಗೊತ್ತಾಯಿತು. ಮುಂದಿನ ತಿಂಗಳಿಂದ ಅಪ್ಪನ ಕೆಲಸ ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ. ಸ್ವಂತ ಇಚ್ಛೆಯ ಮೇರೆಗೆ ಎಂದು ಬರೆದಿದೆಯಂತೆ. ಅಲ್ಲಿ ಫೋನಿಲ್ಲ, ಮಾತಾಡಿಸುವವರೂ ಇಲ್ಲ.

"ನಿಮ್ಮ ಮೇಲಿನವರು ನನಗೆ ಗೊತ್ತು, ಒಂದು ಮಾತು ಹೇಳ್ತೀನಿ" ಎಂದರು ಅಂಕಲ್. ಅಪ್ಪ ಅದನ್ನು ಎರಡು ಸಲ ಹೇಳಿಸಿ ಕೇಳಿಕೊಂಡು, "ಬೇಡ ಸರ್" ಎಂದರು. "ಪಾಪ, ಕಿವುಡ ಅಂತ ಹೇಳಿ ನನ್ನ ಸೀಟು ಉಳಿಸಬೇಡಿ. ಮಷೀನು ಸರಿಹೋಗಲಿ. ನಾನೇ ಹೋಗಿ, ಅವರು ಕೇಳೋದನ್ನ ಪೂರ್ತಿ ಕೇಳಿಸಿಕೊಂಡು, ಆಗಲ್ಲ ಅಂತೀನಿ."

ಇದನ್ನೆಲ್ಲ ನಿಮಗೆ ಬಹಿರಂಗ ಪತ್ರವಾಗಿ ಕನ್ನಡ ಪತ್ರಿಕೆಗೆ ಬರೆಯಲೇ ಎಂದು ಅಪ್ಪನ ಬಲಗಿವಿಯ ಹತ್ತಿರ ಕೂಗಿ ಕೇಳಿದೆ. ತಲೆಯಾಡಿಸಲು ಬಿಡದೆ ಬಾಯಲ್ಲಿ ಹೇಳಿಸಿದೆ. "ಬರಿ. ನಮ್ಮ ಸೆಕ್ಷನ್ನಲ್ಲಿ ಕನ್ನಡ ಓದೋನು ನಾನೊಬ್ಬನೇ" ಎಂದರು.

ಈಗ ವಾದಕ್ಕೆ ಬರುತ್ತೇನೆ. ಒಂದೇ ಪೋರ್ಟ್ ಕಡ್ಡಾಯ ಮಾಡಿದರೆ ಹೊಸ ಶೋಧನೆ ನಿಂತುಹೋಗುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಹತ್ತು ಹದಿನೈದು ವರ್ಷ ಹಿಂದೆಯೇ ನೀವು ಕಡ್ಡಾಯ ಮಾಡಿದ್ದರೆ, ಕತ್ತಲಲ್ಲಿ ಮೂರು ಸಲ ತಿರುಗಿಸಿದರೂ ಒಳಗೆ ಹೋಗದ ಆ ಹಳೆಯ ಪಿನ್ನಿಗೇ ನಾವೆಲ್ಲ ಇಂದಿಗೂ ಅಂಟಿಕೊಂಡಿರುತ್ತಿದ್ದೆವು. ಒಪ್ಪುತ್ತೇನೆ. ಹಾಗಾಗಿ ಕೆಲವು ವರ್ಷಕ್ಕೊಮ್ಮೆ ನಿಯಮವನ್ನು ತೆಗೆದು ನೋಡಿ, ಒಳ್ಳೆಯದು ಬಂದಿದ್ದರೆ ಎಲ್ಲರೂ ಒಟ್ಟಿಗೆ ಬದಲಾಗಲಿ. ಆದರೆ ಅಪ್ಪನ ಮಷೀನಿನ ಪಿನ್ನಿನಲ್ಲಿ ಯಾವ ಶೋಧನೆಯಿದೆ? ಆ ಒಂದು ಹಲ್ಲಿನಿಂದ ಅವರಿಗೆ ಹೆಚ್ಚು ಕೇಳಿಸಿತೇ? ಆ ಹಲ್ಲು ಇರುವುದು ಬೇರೆ ವೈರು ಒಳಗೆ ಬರದಿರಲಿ ಎಂದು. ಅದನ್ನು ಶೋಧನೆ ಎನ್ನುವುದಾದರೆ ಬಾಗಿಲಿಗೆ ಬೀಗ ಹಾಕುವವರೆಲ್ಲ ವಿಜ್ಞಾನಿಗಳು.

ಯುರೋಪಿನಲ್ಲಿ ಈ ಕಾನೂನು ಬಂದಾಗಿದೆ. ಅಲ್ಲಿಯವರನ್ನು ಕಂಡರೂ ನನಗೆ ಹೊಟ್ಟೆಕಿಚ್ಚು, ಆದರೆ ಅಲ್ಲಿಯ ಪಟ್ಟಿ ಓದಿ ನೋಡಿದೆ. ಹೆಡ್‌ಫೋನ್ ಇದೆ, ಕಿವಿಯೊಳಗೆ ಸಿಕ್ಕಿಸುವ ಇಯರ್‌ಬಡ್ ಇದೆ. ಕಿವಿ ಮಷೀನು ನನಗೆ ಕಾಣಲಿಲ್ಲ. ದಿಲ್ಲಿ ಮೆಟ್ರೋದಲ್ಲಿ ನನ್ನ ವಯಸ್ಸಿನವರೆಲ್ಲ ಸರಿಯಾಗಿ ಕೇಳಿಸುವ ಕಿವಿಗೆ ಬಿರಡೆ ಹಾಕಿಕೊಂಡು ಕೂತಿರುತ್ತಾರೆ, ಯಾರ ಮಾತೂ ಕೇಳದಿರಲಿ ಎಂದು. ಅವರ ಬಿರಡೆ ಯಾರ ಫೋನಿನ ವೈರಿನಲ್ಲಾದರೂ ಚಾರ್ಜ್ ಆಗುತ್ತದೆ. ಕಿವುಡಾಗಲು ಇಷ್ಟು ಸೌಲಭ್ಯವಿರುವ ಕಾಲದಲ್ಲಿ ಕೇಳಿಸಿಕೊಳ್ಳುವವರಿಗೆ ಯಾಕಿಲ್ಲ? ವೈದ್ಯಕೀಯ ಸಾಧನಗಳ ವಿಷಯ ಬೇರೆ ಇಲಾಖೆಗೆ ಸೇರಿದ್ದು ಎನ್ನುತ್ತೀರೇನೋ. ಅಪ್ಪನ ಕಿವಿ ಯಾವ ಇಲಾಖೆಯದೆಂದು ಅಪ್ಪನಿಗೂ ಗೊತ್ತಿಲ್ಲ.

ನನ್ನ ಬೇಡಿಕೆ ಹೀಗಿದೆ. ಒಂದೇ ಪೋರ್ಟಿನ ನಿಯಮವನ್ನು ಕಡ್ಡಾಯ ಮಾಡಿ, ಅದರಲ್ಲಿ ಶ್ರವಣ ಸಾಧನವನ್ನು ಸೇರಿಸಿ. ಇದರಿಂದ ಅಪ್ಪನ ಹಳೆಯ ಮಷೀನಿನ ತೂತು ಬದಲಾಗುವುದಿಲ್ಲ, ಅಷ್ಟು ನನಗೂ ಗೊತ್ತು. ಆದ್ದರಿಂದ ಇನ್ನೊಂದು ಸಾಲು ಬರೆಯಿರಿ. ಮಾದರಿ ನಿಲ್ಲಿಸಿದ ಕಂಪನಿ ಅದರ ಚಾರ್ಜರನ್ನು ಮಾರುತ್ತಲೇ ಇರಬೇಕು, ಮಾರಲು ಮನಸ್ಸಿಲ್ಲದಿದ್ದರೆ ಬೇರೆಯವರು ಮಾಡಿಕೊಳ್ಳುವಂತೆ ಅದರ ವಿವರವನ್ನಾದರೂ ಬಿಟ್ಟುಕೊಡಬೇಕು. ಮುಂದಿನ ತಿಂಗಳೊಳಗೆ ಇದಾಗುತ್ತದೆಂಬ ಭ್ರಮೆ ನನಗಿಲ್ಲ. ಅಪ್ಪ ಬಹುಶಃ ನೆಲಮಾಳಿಗೆಗೆ ಇಳಿಯುತ್ತಾರೆ. ಮತ್ತೆ ಮೇಲೆ ಬರುವ ದಾರಿಯಾದರೂ ಇರಲಿ ಎಂದು ಬರೆಯುತ್ತಿದ್ದೇನೆ.

ಇದೂ ಆಗದಿದ್ದರೆ, ಕಂಪನಿಯವರನ್ನು ಅಭಿಪ್ರಾಯ ಕೇಳಲು ಕರೆಯುವ ದಿನ ನನ್ನ ಅಪ್ಪನನ್ನೂ ಕರೆಯಿರಿ. ರಜೆ ಹಾಕಿ ಬರುತ್ತಾರೆ. ಅವರ ಬಲಗಡೆ ಕೂತು, "ವಿಷಯ ಪರಿಶೀಲನೆಯಲ್ಲಿದೆ" ಎಂದು ನೀವೇ ಹೇಳಿ. ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸುವುದಿಲ್ಲ, ಕೂಗಬೇಕು. ಇನ್ನೊಮ್ಮೆ ಕೂಗಬೇಕು. ಕೋಣೆಯಲ್ಲಿರುವವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಾಗ ಆ ಮಾತು ಹೇಗಿರುತ್ತದೆ ಎಂದು ಒಂದು ಸಲ ನಿಮ್ಮ ಕಿವಿಯಾರೆ ಕೇಳಿಸಿಕೊಳ್ಳಿ.

ಇಂತಿ,
ಶಾಲೆ ಮುಗಿಸದ, ಹೊಟ್ಟೆಕಿಚ್ಚೂ ಮುಗಿಯದ,
ಸ್ಫೂರ್ತಿ ಗೋಪಿನಾಥ
ಟೈಪ್ ಟೂ, ಕಿದ್ವಾಯಿ ನಗರ, ಹೊಸದಿಲ್ಲಿ