ಹುಳಿ ನೋಡೋರಿಲ್ಲ

ಭದ್ರಾವತಿ
12-8-2003

ಇಂದಿರಾ,

ನೀನು ಮುನಿಸಿಕೊಂಡು ಆಲ್ಕೊಳದ ಅಕ್ಕನ ಮನೆಗೆ ಹೋಗಿ ತಿಂಗಳಾಯ್ತು. ಆ ಜಗಳದ ಮಾತು ಈಗ ಬೇಡ. ಬೇಕರಿ ನಡೀತಿದೆ.

ಗೋಧಿ ತಿಂದ್ರೆ ನನ್ನ ಕರುಳು ಕೆಡುತ್ತೆ ಅಂತ ಡಾಕ್ಟರು ಹೇಳಿದ ಮೇಲೆ ಬ್ರೆಡ್ಡಿನ ರುಚಿ ನೋಡ್ತಿದ್ದವಳು ನೀನೇ ತಾನೆ? ಈಗ ಹಿಟ್ಟಿನ ಧೂಳು ಒಳಗೆ ಹೋಗದ ಹಾಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನಿನ್ನೆಯ ಹುಳಿಹಿಟ್ಟು ಬೆರೆಸಿ ನಾದ್ತೀನಿ. ಹುಳಿ ಹೆಚ್ಚಾಯ್ತೋ ಕಮ್ಮಿಯಾಯ್ತೋ ಗೊತ್ತಾಗಲ್ಲ. ಗಿರಾಕಿಗಳನ್ನ ಕೇಳಿದ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ನೀನು ಒಂದು ದಿನವೂ ಹಾಗಂದವಳಲ್ಲ, ಮಾರಾಯ್ತಿ.

ಈ ಕಾಗದದ ಜೊತೆ ಬಸ್ ಕಂಡಕ್ಟರ್ ಕೈಲಿ ಒಂದು ಬ್ರೆಡ್ಡೂ ಕಳಿಸಿದ್ದೀನಿ. ತಿಂದು ನೋಡಿ, ಏನು ಕೆಟ್ಟಿದೆ ಅಂತ ಬರೆ. ಬರೆಯೋಕೆ ಬೇಜಾರಾದ್ರೆ ಬಂದು ಬೈದು ಹೋಗು.

ಪರಮೇಶ